ಮೂರು ಬೆರಳು ಬಟ್ಟೆ

ಸದಲಗಾದಲ್ಲಿ ನಮ್ಮ ಓಣಿಯ ಹೆಂಗಸರಿಗೆಲ್ಲ ಸೀರೆಗೆ ತಕ್ಕ ಜಂಪರ್ ಹೊಲಿಯುತ್ತಿದ್ದ ಆಕೆಯದು ಭಾರದ ಮೈ. ಹುಡುಗಿಯರು ಅಳತೆ ಕೊಡಲು ಹೋದರೆ ಟೇಪು ಹಿಡಿಯುವ ಮೊದಲು ಅವರ ತಾಯಿಯನ್ನು ನೋಡುವಳು. ತಾಯಿ ದಪ್ಪಗಿದ್ದರೆ ಮಗಳ ಜಂಪರಿನ ಹೊಲಿಗೆಯೊಳಗೆ ಮೂರು ಬೆರಳು ಬಟ್ಟೆ ಹೆಚ್ಚಿಗೆ ಬಿಡುವಳು.

"ಮೈ ಅನ್ನೂದು ತಾಯಿ ಕಡಿಂದ ಬರ್ತೈತ್ರಿ. ಒಂದ್ ರೊಟ್ಟಿ ಬಿಟ್ರ ಹೋಗಂಗಿಲ್ಲ. ಇರ್ಲಿ, ನಾಳೆ ಬಿಚ್ಚಿ ದೊಡ್ಡದು ಮಾಡಾಕ ಬರ್ತೈತಿ" ಅನ್ನುವಳು.

ನಾನು ಅವ್ವನಂತೆಯೇ ಊದಿಕೊಂಡಾಗ ಆ ಮೂರು ಬೆರಳೇ ನನ್ನ ಮಾನ ಕಾಯ್ದವು.

ಜಂಪರ್ ಹೊಲಿಯುವ ಆಕೆಯ ಮಗಳನ್ನು ನೋಡಲು ನಿಪ್ಪಾಣಿಯಿಂದ ಬಂದವರು "ಹುಡುಗಿ ಭಾಳ ದಪ್ಪ ಅದಾಳ" ಎಂದು ಎದ್ದು ಹೋದರು. ಚಹಾದ ಕಪ್ಪು ಎತ್ತುತ್ತ ನಾನು ಅಲ್ಲೇ ಇದ್ದೆ. ತಾಯಿಯ ಮೈಯನ್ನೇ ಹೊತ್ತು ನಿಂತಿದ್ದ ಮಗಳಿಗೆ ಆಕೆ ಹೇಳಿದಳು:

"ಬಾಯಿ ಕಟ್ಟಲಿಲ್ಲ ನೀ. ತಿಂದು ತಿಂದು ನನ್ನ ಮರ್ಯಾದಿ ಕಳದಿ."

ಹುಡುಗಿ ಅಂದಿನಿಂದ ಹೊತ್ತಿಗೊಂದೇ ರೊಟ್ಟಿ ತಿನ್ನತೊಡಗಿದಳು.

ಮುಂದಿನ ಗಂಡಿನವರು ಬರುವ ಮುನ್ನ, ಮಗಳಿಗೆ ಹೊಲಿದ ಹೊಸ ಜಂಪರನ್ನು ಹುಕ್ಕು ಹಚ್ಚಲು ಆಕೆ ನನ್ನ ಕೈಗೆ ಕೊಟ್ಟಳು. ಒಳಮಗ್ಗುಲು ತಿರುಗಿಸಿ ನೋಡಿದೆ. ಹೊಲಿಗೆಯ ಅಂಚಿಗೇ ಕತ್ತರಿ ಹಾಕಿದ್ದಳು. ಅರ್ಧ ಬೆರಳೂ ಬಿಟ್ಟಿರಲಿಲ್ಲ.