ಮುನ್ನೂರು ಹೆಜ್ಜೆ, ಒಂದು ಕುರ್ಚಿ

ಊರುಗಳು ತಮ್ಮ ಹಿರಿಯರನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತವೆ ಎಂದು ಅಳೆಯುವ ಕೆಲಸವನ್ನು ನಾನು ಕೆಲವು ತಿಂಗಳು ಮಾಡಿದ್ದೇನೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲೂಕು ತಿರುಗಿದೆ. ಕೈಯಲ್ಲಿ ಫಾರಂ, ಕೊರಳಲ್ಲಿ ಸ್ಟಾಪ್‌ವಾಚ್. ಅದರಲ್ಲಿ ಒಂದು ಪ್ರಶ್ನೆ: ಹಿರಿಯರೊಬ್ಬರು ಮನೆಯಿಂದ ವಾಹನ ನಿಲ್ಲುವ ಜಾಗಕ್ಕೆ ಎಷ್ಟು ನಿಮಿಷದಲ್ಲಿ ತಲುಪುತ್ತಾರೆ? ಬೇಗ ತಲುಪಿದರೆ ಊರಿಗೆ ಹೆಚ್ಚು ಅಂಕ. ಅಳೆಯುವವನು ನಡುವೆ ಬಾಯಿ ಹಾಕಬಾರದು.

ಮುಕ್ಕುಂದದಲ್ಲಿ ನನ್ನ ಪಾಲಿಗೆ ಬಂದವಳು ಬೊಚ್ಚುಬಾಯಿಯ ಒಬ್ಬ ಅಜ್ಜಿ. ಅವತ್ತು ಸಿಂಧನೂರಿನಲ್ಲಿ ಅವಳ ಹೊಸ ಹಲ್ಲಿನ ಸೆಟ್ಟು ತಯಾರಾಗಿತ್ತು. ಹತ್ತು ಗಂಟೆಯ ಟಂಟಂ ಆಟೋ ತಪ್ಪಿದರೆ ಡಾಕ್ಟರು ಸಿಗುವುದು ಮುಂದಿನ ವಾರ. ಮೊಮ್ಮಗಳ ಮದುವೆ ಅದಕ್ಕೂ ಮೊದಲೇ.

"ಹೋಳಿಗಿ ಹೆಂಗರ ನುಂಗ್ತೀನಿ. ಫೋಟೋದಾಗ ನಗೋದು ಹೆಂಗ?" ಎಂದಳು.

ಟಂಟಂ ನಿಲ್ಲುವ ಕಟ್ಟೆಗೆ ಮುನ್ನೂರು ಹೆಜ್ಜೆ. ಒಂಬತ್ತಕ್ಕೆ ಗುಂಡಿ ಒತ್ತಿದೆ. ಮೊದಲ ಮನೆಯವರೇ ಕರೆದು ಕೂರಿಸಿ ಚಾ ಕುಡಿಸಿದರು. ಎರಡನೆಯ ಮನೆಯವರು ಅವಲಕ್ಕಿ ಕೊಟ್ಟರು, ಬೊಚ್ಚುಬಾಯಿಗೆಂದು ನೆನೆಸಿಯೇ ಇಟ್ಟಿದ್ದರು. ಆ ಓಣಿಯಲ್ಲಿ ಹಿರಿಯರನ್ನು ಕೂರಿಸದೆ ಕಳಿಸುವುದು ಅವಮಾನ. ಕರೆದರೂ ಕೂರದೆ ಹೋಗುವುದು ಇನ್ನೂ ದೊಡ್ಡ ಅವಮಾನ. ನಾಲ್ಕು ಮನೆ ದಾಟುವಷ್ಟರಲ್ಲಿ ಐವತ್ತು ನಿಮಿಷ. ನನ್ನ ಸ್ಟಾಪ್‌ವಾಚಿನ ಪ್ರಕಾರ ಆ ಊರು ಮುದುಕರಿಗೆ ನರಕ.

ನಿಯಮ ಮುರಿದು, ಹಿಂದಿನ ಓಣಿಯಿಂದ ಹೋಗೋಣ ಎಂದು ನಾನೇ ಪಿಸುಗುಟ್ಟಿದೆ. ಅಲ್ಲಿದ್ದುದು ಒಂದೇ ಮನೆ, ಅದೂ ಅಜ್ಜಿಯೊಂದಿಗೆ ಮಾತು ಬಿಟ್ಟವಳದು. ಜಗಳ ಕೋಳಿಗಾಗಿ ಎಂದು ನನ್ನ ನೆನಪು. ನನ್ನ ಟಿಪ್ಪಣಿಯಲ್ಲಿ ಮಾತ್ರ ಆಡಿಗಾಗಿ ಎಂದಿದೆ.

ಆಕೆ ಹೊರಬಂದಳು. ಅಜ್ಜಿಯ ಮುಖ ನೋಡದೆ, ತುಟಿ ಬಿಚ್ಚದೆ, ದಾರಿಗೆ ಅಡ್ಡವಾಗಿ ಒಂದು ಕುರ್ಚಿ ಇಟ್ಟು ಒಳಗೆ ಹೋದಳು. ಅಜ್ಜಿಯೂ ತುಟಿ ಬಿಚ್ಚದೆ ಕೂತಳು. ಕುರ್ಚಿ ಪ್ಲಾಸ್ಟಿಕ್ಕಿನದೋ ಕಬ್ಬಿಣದ್ದೋ, ಈಗ ಆಣೆ ಮಾಡಿ ಹೇಳಲಾರೆ. ಹತ್ತು ದಾಟಿ ಐದು ನಿಮಿಷವಾಗಿತ್ತು. ಹಲ್ಲು ಹೋಯಿತು ಎಂದುಕೊಂಡೆ.

ಆಕೆ ಚಾ ತಂದು ಎರಡೂ ಕಪ್ಪು ನನ್ನ ಕೈಗೇ ಕೊಟ್ಟಳು. "ಗಾಬರಿ ಬ್ಯಾಡ ಅಂತ ಅಕಿಗೆ ಹೇಳ್ರಿ ಸರ. ಟಂಟಂ ಓಡ್ಸಾಂವ ನಮ್ಮನಿ ಖೋಲ್ಯಾಗ ಕುಂತಾನ. ಹೊರಗಿಂದ ಚಿಲಕ ಹಾಕೀನಿ."

"ಸಕ್ರಿ ಕಡಿಮಿ ಆಗ್ಯಾದ ಅಂತ ಹೇಳಪಾ ಅಕಿಗೆ," ಎಂದಳು ಅಜ್ಜಿ.

ಕಟ್ಟೆ ತಲುಪಿದಾಗ ಒಂದು ತಾಸು ಹದಿನಾಲ್ಕು ನಿಮಿಷ ಎಂದು ಫಾರಂನಲ್ಲಿ ಬರೆದೆ. ನಾನು ಅಳೆದ ಊರುಗಳಲ್ಲೆಲ್ಲ ಅಂಕದಲ್ಲಿ ಮುಕ್ಕುಂದವೇ ಕೊನೆ.

ಅವತ್ತಿನ ಕೆಲಸ ಬಿಟ್ಟು ನಾನೂ ಸಿಂಧನೂರಿಗೆ ಜೊತೆಗೆ ಹೋಗಿದ್ದೆ. ಸಂಜೆ ಹಲ್ಲು ಹಾಕಿಕೊಂಡು ಬಂದ ಅಜ್ಜಿ ಟಂಟಂ ಇಳಿದು, ಯಾರೂ ಕರೆಯದೆಯೇ ಹಿಂದಿನ ಓಣಿಗೆ ನಡೆದು ಅದೇ ಕುರ್ಚಿಯಲ್ಲಿ ಕೂತಳು. ಆಕೆ ಒಂದು ಖಡಕ್ ಸಜ್ಜೆರೊಟ್ಟಿ ತಂದು ನನ್ನ ಕೈಗಿಟ್ಟಳು. ನಾನು ಅಜ್ಜಿಗೆ ದಾಟಿಸಿದೆ. ಅಜ್ಜಿ ಕಡಿದ ಸದ್ದಿಗೆ ಅಂಗಳದ ಕೋಳಿ ಚದುರಿ ಓಡಿದವು. ಆಡುಗಳೂ ಇರಬಹುದು.

"ಮೆಲ್ಲಕ ಕಡಿ ಬೇ, ಮದಿವಿ ತನಕ ಉಳೀಲಿ," ಎಂದಳು ಆಕೆ.

ರೂಢಿಯಂತೆ ನಾನು ಅದನ್ನೂ ಅಜ್ಜಿಗೆ ಹೇಳಿದೆ.

"ನಂಗ ಕೇಳಸ್ತದ, ನೀ ಸುಮ್ನಿರಪಾ," ಎಂದಳು ಅಜ್ಜಿ.