ಬ್ಯಾಂಡ್ ಇದೆಯೋ ಇಲ್ಲವೋ

ಡ್ರಮ್ ಬಾರಿಸುವವನಿಗೆ ತನ್ನ ರಾಕ್ ಬ್ಯಾಂಡ್ ಮೇಲೇರಿದ್ದು ಯಾಕೆಂದು ತಿಳಿದಿರಲಿಲ್ಲ, ಕೆಳಗಿಳಿದದ್ದು ಯಾಕೆಂದೂ ತಿಳಿಯಲಿಲ್ಲ. ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಮೂವರು ಗೆಳೆಯರು ಯಾರ ಜಾಡನ್ನೂ ಹಿಡಿಯದೆ, ಕಿವಿ ಗಡಚಿಕ್ಕುವಂತೆ ಕಟ್ಟಿದ ಹಾಡೊಂದು ಇದ್ದಕ್ಕಿದ್ದಂತೆ ಊರೂರಿಗೆ ಹಬ್ಬಿತು. ಚಪ್ಪಾಳೆ ಬಿದ್ದಾಗಲೆಲ್ಲ ಇವನು, ಬೇರೆ ಯಾರಾದರೂ ವೇದಿಕೆಗೆ ಬಂದರೇನೋ ಎಂದು ಹಿಂದಿರುಗಿ ನೋಡುತ್ತಿದ್ದ. ಸಂದರ್ಶನಕ್ಕೆ ಬಂದವರು ಏನು ಕೇಳಿದರೂ, "ಅದನ್ನ ಹಾಡೋನನ್ನೇ ಕೇಳಿ" ಎನ್ನುತ್ತಿದ್ದ. ಆಮೇಲೆ ಹಾಡುಗಾರನ ಶ್ರುತಿ ತಪ್ಪತೊಡಗಿತು. ಜನ ಅದನ್ನೂ ಹೊಸ ಶೈಲಿಯೆಂದು ಸ್ವಲ್ಪ ಕಾಲ ಮೆಚ್ಚಿ, ಬಳಿಕ ಬರುವುದನ್ನೇ ಬಿಟ್ಟರು. ಗಿಟಾರಿನವನು ಮದುವೆಗಳಲ್ಲಿ ನುಡಿಸುವ ತಂಡ ಸೇರಿದ. ಬ್ಯಾಂಡ್ ಮುಗಿಯಿತೆಂದು ಮಾತ್ರ ಯಾರೂ ಹೇಳಲಿಲ್ಲವಾದ್ದರಿಂದ, ಇವನು ಪ್ರತಿ ಭಾನುವಾರ ಆ ಕೋಣೆಗೆ ಹೋಗಿ ಡ್ರಮ್ಮುಗಳ ಧೂಳು ಒರೆಸಿ, ಕಾದು ಕಾದು ಬರುತ್ತಿದ್ದ. "ಬ್ಯಾಂಡ್ ಇದ್ಯೋ ಇಲ್ವೋ, ಅದನ್ನಾದ್ರೂ ಕೇಳ್ಕೊಂಡು ಬನ್ನಿ" ಎಂದು ಹೆಂಡತಿ ರೇಗಿದ ಮೇಲೆ ಹಾಡುಗಾರನ ಮನೆಗೆ ಹೋದ. "ಬ್ಯಾಂಡ್ ಇದ್ಯೇನೋ?" ಎಂದು ಇವನು ಕೇಳಿದರೆ ಅವನು, "ಬ್ಯಾಂಡೇಜಾ? ಎಲ್ಲಿ ಪೆಟ್ಟಾಯ್ತೋ?" ಎಂದು ಗಾಬರಿಯಾದ. ಇವನು ಪೆಚ್ಚಾಗಿ ನಿಂತದ್ದನ್ನು ಕಂಡು ಹಾಡುಗಾರ ತಲೆ ತಗ್ಗಿಸಿದ. "ಕಿವಿ ಹೋಗಿ ತುಂಬಾ ದಿನ ಆಯ್ತು ಕಣೋ. ಕೊನೆಕೊನೆಗೆ ನಿನ್ನ ಕೈ ನೋಡ್ಕೊಂಡೇ ಹಾಡ್ತಿದ್ದೆ." ಮನೆಗೆ ಬಂದಾಗ ಹೆಂಡತಿ, "ಏನಂತೆ? ಬ್ಯಾಂಡ್ ಇದ್ಯಂತಾ?" ಎಂದಳು. "ಗೊತ್ತಾಗ್ಲಿಲ್ಲ ಕಣೇ. ಭಾನುವಾರ ಬಾ, ನನ್ನೆದುರಿಗೇ ನಿಂತ್ಕೊಂಡು ಹಾಡು ಅಂತ ಹೇಳಿ ಬಂದೆ."