ಗೋಬರ್ ಗ್ಯಾಸಿನ ಗುಂಡಿಗೆ ಹೋದ ನೀರು

ನಮ್ಮ ಮನೆಯ ಮೇಲೆ ಈಗ ಸೋಲಾರ್ ಹೀಟರ್ ಇದೆ. ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ. ತೋಟದ ಬೋರ್‌ವೆಲ್‌ಗೂ ಸೋಲಾರ್ ಹಾಕಿಸಿದ್ದೇವೆ, ಕರೆಂಟು ಯಾವಾಗ ಬಂದೀತು ಎಂದು ಕಾಯುವ ಪಾಡು ತಪ್ಪಿದೆ. ದಿನವೂ ದೀಪ ಹಚ್ಚುವಾಗ ಇಂಥ ಒಂದೊಂದು ಉಪಕಾರವನ್ನೂ ನೆನೆದು ಕೈ ಮುಗಿಯುವುದು ನನ್ನ ಅಭ್ಯಾಸ. ಆದರೆ ಅದಕ್ಕೂ ಮುಂಚೆ ನಮ್ಮ ಹಿತ್ತಲಲ್ಲೇ ಒಂದು ದೊಡ್ಡ ಉಪಕಾರವಿತ್ತು. ಅದನ್ನು ಕೆಡಿಸಿದವಳು ನಾನು. ಕೆಡಿಸಿದ್ದಕ್ಕಿಂತ, ಆಮೇಲೆ ಸುಮ್ಮನಿದ್ದದ್ದು ಹೆಚ್ಚಿನ ತಪ್ಪು.

ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ಸಾದಲಿಗೆ ಹತ್ತಿರದ ಊರು ನಮ್ಮದು. ರೇಷ್ಮೆಹುಳ ಸಾಕುವ ಮನೆ. ನಾನು ಸೊಸೆಯಾಗಿ ಬಂದ ಮೂರನೇ ವರ್ಷ ನಮ್ಮ ಅತ್ತೆ ಹಠ ಹಿಡಿದು ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದರು. ಮನೆಯಲ್ಲಿ ಯಾರಿಗೂ ಅದು ಬೇಕಿರಲಿಲ್ಲ. ಅತ್ತೆಗೆ ಬೇಕಿತ್ತು. ಹಿಪ್ಪುನೇರಳೆ ಕಡ್ಡಿಯನ್ನು ಒಲೆಗಿಟ್ಟು ಊದಿ ಊದಿ ಅವರ ಎದೆ ಹಾಳಾಗಿತ್ತು. ಮಾತಿನ ನಡುವೆ ಕೆಮ್ಮು ಬಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಗ್ಯಾಸು ಬಂದು ಒಂದು ವರ್ಷ ತುಂಬುವುದರೊಳಗೆ ಗೋಡೆ ಹಿಡಿಯುವುದು ನಿಂತಿತು.

ನೆಲದೊಳಗೆ ಬಾವಿಯಂಥ ಗುಂಡಿ, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ಒಳಗೆ ಗ್ಯಾಸು ತುಂಬಿದಂತೆ ಡ್ರಮ್ಮು ಮೇಲೇಳುತ್ತದೆ, ಉರಿಸಿದಂತೆ ಇಳಿಯುತ್ತದೆ. ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಅತ್ತೆ ಮೊದಲು ಸೂರ್ಯನಿಗೆ ಕೈ ಮುಗಿಯುತ್ತಿದ್ದರು, ಆಮೇಲೆ ಡ್ರಮ್ಮು ನೋಡುತ್ತಿದ್ದರು. ಪಕ್ಕದ ತೊಟ್ಟಿಯಲ್ಲಿ ಒಂದು ಬಕೆಟ್ ಸಗಣಿಗೆ ಒಂದು ಬಕೆಟ್ ನೀರು ಹಾಕಿ, ಸೆರಗು ಸಿಕ್ಕಿಸಿ, ಕೈಯಿಂದಲೇ ಕಲಸಿ, ಒಂದು ಹುಲ್ಲುಕಡ್ಡಿ ಇದ್ದರೂ ಆರಿಸಿ ತೆಗೆದು ಒಳಗೆ ಬಿಡುತ್ತಿದ್ದರು. ಕೊಟ್ಟಿಗೆಯ ಗಂಜಲವೂ ಚರಂಡಿಯಲ್ಲಿ ಹರಿದು ಅದೇ ತೊಟ್ಟಿಗೆ ಬಂದು ಸೇರುತ್ತಿತ್ತು.

ಸುತ್ತಲ ಊರಿನ ಹೆಂಗಸರು ನೋಡಲು ಬರುತ್ತಿದ್ದರು. ಅತ್ತೆ ಬೆಂಕಿಕಡ್ಡಿ ಗೀರಿ ನೀಲಿ ಉರಿ ತೋರಿಸಿ, "ಬಗ್ಗಿ ನೋಡ್ರಮ್ಮ, ಏನಾದ್ರೂ ವಾಸ್ನೆ ಇದ್ಯಾ?" ಎನ್ನುತ್ತಿದ್ದರು. ಒಬ್ಬಾಕೆ, "ಅದ್ರ ಮೇಲೆ ನೈವೇದ್ಯಕ್ಕೆ ಮಾಡ್ಬೋದಾ ಅಂತ?" ಎಂದು ಮೂಗು ಮುರಿದಳು.

"ಸಗಣಿಲಿ ಸಾರಿಸಿ ದೇವ್ರನ್ನ ಕೂರಿಸ್ತೀಯಲ್ಲ, ಸಗಣಿ ಬೆಂಕಿಲಿ ಪಾಯಸ ಮಾಡಿದ್ರೆ ದೇವ್ರು ಎದ್ದೋಗ್ತಾನಾ?" ಎಂದರು ಅತ್ತೆ. ಎಲ್ಲರೂ ನಕ್ಕರು.

ಆವತ್ತು ನಗುತ್ತಿದ್ದವರಲ್ಲಿ ನಮ್ಮ ಪಕ್ಕದ ಮನೆಯಾಕೆಯೂ ಇದ್ದಳು. ನನಗಿಂತ ಎರಡು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಗಂಡನನ್ನು ಒಪ್ಪಿಸಲು ಅವಳಿಗೆ ಕೆಲವು ವರ್ಷ ಬೇಕಾಯಿತು. ಕೊನೆಗೆ ಅವರ ಹಿತ್ತಲಲ್ಲೂ ಗುಂಡಿ ತೋಡಿಸಿದಳು. ಇನ್ನು ಇಟ್ಟಿಗೆ ಕೆಲಸ ಆಗಬೇಕಿತ್ತು, ಅಷ್ಟರಲ್ಲಿ ನನ್ನಿಂದ ಈ ಕೆಲಸವಾಯಿತು.

ಈಗ್ಗೆ ಹನ್ನೊಂದು ವರ್ಷದ ಹಿಂದಿನ ಮಾತು. ಆ ಸಲದ ಬೆಳೆಗೆ ಹಾಲುತೊಂಡೆ ರೋಗ ಬಿದ್ದು ಗೂಡು ಕಟ್ಟಲು ಹಣ್ಣಾಗುವ ಹೊತ್ತಿನ ಹುಳವೆಲ್ಲ ಊದಿಕೊಂಡು ಹಾಲಿನಂಥ ನೀರು ಸೋರಿ ಸತ್ತವು. ಹುಳದ ಮನೆ ಸರಿಯಾಗಿ ತೊಳೆದಿಲ್ಲ ಎಂದು ಯಜಮಾನರು ನನ್ನನ್ನೇ ಬೈದರು. ಮುಂದಿನ ಬೆಳೆಗೆ ಮುಂಚೆ ಬ್ಲೀಚಿಂಗ್ ಪೌಡರ್ ಹಾಕಿ ತಟ್ಟೆ, ಚಂದ್ರಿಕೆ ಎಲ್ಲವನ್ನೂ ಚೆನ್ನಾಗಿ ತೊಳೆಯಬೇಕಿತ್ತು. ಚಂದ್ರಿಕೆ ಎಂದರೆ ಹುಳ ಗೂಡು ಕಟ್ಟುವ ಬಿದಿರಿನ ಚಾಪೆ. ಅತ್ತೆ ಯಾವಾಗಲೂ ಅವನ್ನು ತೋಟದ ಕೊನೆಗೆ ಹೊರಿಸಿಕೊಂಡು ಹೋಗಿ ಅಲ್ಲಿ ತೊಳೆಸುತ್ತಿದ್ದರು. "ಹುಳದ ಮನೆ ನೀರು ಈ ಕಡೆ ಬರ್ಬಾರ್ದು ಅಮ್ಮಾಯಿ" ಎಂದು ಹೇಳಿಯೂ ಇದ್ದರು. ಯಾಕೆ ಎಂದು ನಾನು ಕೇಳಿರಲಿಲ್ಲ. ಮಡಿ ಮೈಲಿಗೆಯ ಮಾತಿರಬೇಕು ಅಂದುಕೊಂಡಿದ್ದೆ.

ಆ ವಾರ ಅತ್ತೆ ಎರಡು ದಿನದ ಮಟ್ಟಿಗೆ ಮೊಮ್ಮಗುವಿನ ನಾಮಕರಣಕ್ಕೆಂದು ಗೌರಿಬಿದನೂರಿನ ಮಗಳ ಮನೆಗೆ ಹೋಗಿದ್ದರು. ಎರಡು ದಿನವೂ ನಾನೇ ಸಗಣಿ ಕಲಸಿದೆ. ಚಂದ್ರಿಕೆಗಳನ್ನು ತೋಟದ ಕೊನೆಗೆ ಹೊರಲು ಜನ ಸಿಗಲಿಲ್ಲ. ಕೊಟ್ಟಿಗೆಯ ಚಪ್ಪಡಿ ಕಲ್ಲಿನ ಮೇಲೆ ಹಾಕಿಕೊಂಡು, ಇನ್ನೊಂದು ಸಲ ಬೈಸಿಕೊಳ್ಳಬಾರದು ಎಂದು ಹೇಳಿದ್ದಕ್ಕಿಂತ ಎರಡರಷ್ಟು ಬ್ಲೀಚಿಂಗ್ ಹಾಕಿ, ಕಣ್ಣಲ್ಲಿ ನೀರು ಬರುವ ತನಕ ಉಜ್ಜಿದೆ. ಕೈಯ ಚರ್ಮ ಸುಲಿದಿತ್ತು. ನೀರೆಲ್ಲ ಗಂಜಲದ ಚರಂಡಿಯಲ್ಲಿ ಸಲೀಸಾಗಿ ಹರಿದು ಹೋಯಿತು. ಎಷ್ಟು ಚೊಕ್ಕಟವಾಯಿತು ಎಂದು ನನಗೆ ಸಂತೋಷವೇ ಆಯಿತು.

ಅತ್ತೆ ಬಂದ ನಾಲ್ಕನೇ ದಿನ ಉರಿ ಸಣ್ಣಗಾಯಿತು. ಹತ್ತು ದಿನಕ್ಕೆ ಡ್ರಮ್ಮು ಏಳುವುದನ್ನೇ ನಿಲ್ಲಿಸಿತು. ಅತ್ತೆ ದಿನವೂ ಕಲಸುತ್ತಿದ್ದರು, ದಿನವೂ ಹೋಗಿ ನೋಡುತ್ತಿದ್ದರು. ಯಜಮಾನರು ಚಿಂತಾಮಣಿಯಿಂದ ಗ್ಯಾಸಿನ ಮೇಸ್ತ್ರಿಯನ್ನು ಕರೆಸಿದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಹಿತ್ತಲ ಬಾಗಿಲು ತೆರೆದೇ ಇತ್ತು.

"ಪೈಪು ಬಾಗುಂದಿ, ಡ್ರಮ್ಮು ಬಾಗುಂದಿ, ಎಲ್ಲ ಚೆನ್ನಾಗೇ ಅದೆ. ಒಳಗೆ ಗ್ಯಾಸು ಮಾಡೋ ಜೀವಾನೇ ಸತ್ತೋಗ್ಬಿಟ್ಟದೆ ಸಾಮಿ," ಎಂದ ಮೇಸ್ತ್ರಿ. "ಸೋಪಿನ ನೀರು, ಫಿನಾಯಿಲು, ಬ್ಲೀಚಿಂಗು, ಏನಾದ್ರೂ ಬಿದ್ದದಾ? ಬಿದ್ದಿದ್ರೆ ಹೇಳಿ. ಎಲ್ಲ ತೋಡಿ ಹೊರಗಾಕಿ, ಬೇರೆ ಗ್ಯಾಸಿನ ಗುಂಡಿಯಿಂದ ಒಂದು ಡ್ರಮ್ ಬಗ್ಗಡ ತಂದು ಹೊಸದಾಗಿ ತುಂಬುಸ್ದ್ರೆ ತಿಂಗಳಲ್ಲಿ ಸರಿ ಹೋಗ್ತದೆ. ಗೊತ್ತಾಗ್ದೆ ತುಂಬುಸ್ದ್ರೆ ಮತ್ತೆ ಹಿಂಗೇ ಆಗ್ತದೆ."

ಆಗ ನನಗೆ ತಿಳಿಯಿತು. ಕೈಯಲ್ಲಿದ್ದ ಕಾಫಿ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನಿಂತೆ.

"ಅದೆಲ್ಲ ಯಾರು ಹಾಕ್ತಾರಪ್ಪ? ಅಮ್ಮನ್ನ ಬಿಟ್ರೆ ಬೇರೆ ಯಾರೂ ಮುಟ್ಟಲ್ಲ," ಎಂದರು ಯಜಮಾನರು. "ವಯಸ್ಸಾಯ್ತು, ನೀರು ಅಂದಾಜು ಸಿಗಲ್ಲ. ಜಾಸ್ತಿ ಸುರೀತಾಳೆ."

ಅತ್ತೆ, "ಇಲ್ಲ ಕಣೋ, ಬಕೆಟ್‌ಗೆ ಬಕೆಟ್ಟೇ ಹಾಕೋದು," ಎಂದರು. ಅವರ ದನಿ ಅಷ್ಟು ಸಣ್ಣದಾಗಿದ್ದದ್ದನ್ನು ನಾನು ಮುಂಚೆ ಕೇಳಿರಲಿಲ್ಲ.

ನಾನು ಕಾಫಿ ಕೊಟ್ಟು ಒಳಗೆ ಬಂದೆ. ಅಷ್ಟೆ. ಬಾಯಿ ಬಿಡುವ ಬದಲು ಊರ ಮುಂದಿನ ಆಂಜನೇಯನಿಗೆ ಹರಕೆ ಹೊತ್ತೆ. ಇಪ್ಪತ್ತೊಂದು ಶನಿವಾರ ಪ್ರದಕ್ಷಿಣೆ ಹಾಕುತ್ತೇನೆ, ಗ್ಯಾಸು ತಾನಾಗಿ ಬರಲಿ ಎಂದು. ಒಂದು ಶನಿವಾರವೂ ತಪ್ಪಿಸಲಿಲ್ಲ. ನಾನು ಬಿಡಿಸಿಕೊಳ್ಳಬೇಕಾದ ಗಂಟನ್ನು ಅವನ ಕೈಗೆ ಕೊಟ್ಟು ನಿಂತರೆ ಅವನಾದರೂ ಏನು ಮಾಡಿಯಾನು? ಗ್ಯಾಸು ಬರಲಿಲ್ಲ. ಗುಂಡಿ ಮುಚ್ಚಿಸಿದರು. ಡ್ರಮ್ಮು ಗುಜರಿಗೆ ಹೋಯಿತು. ನಮ್ಮ ಮನೆಗೆ ಸಿಲಿಂಡರ್ ಬಂತು, ಆದ್ದರಿಂದ ಅತ್ತೆಯ ಎದೆಗೆ ಮತ್ತೆ ಹೊಗೆ ಹೋಗಲಿಲ್ಲ. ಅಷ್ಟು ಮಟ್ಟಿಗೆ ದೇವರು ದೊಡ್ಡವನು.

ಆದರೆ ಅತ್ತೆ ಮುಂಚಿನ ಅತ್ತೆಯಾಗಿ ಉಳಿಯಲಿಲ್ಲ. ಸಾರಿಗೆ ಉಪ್ಪು ಹಾಕುವಾಗಲೂ, "ನೀನೇ ಹಾಕಮ್ಮ, ನಂಗೆ ಅಂದಾಜು ಸಿಗಲ್ಲ," ಎನ್ನತೊಡಗಿದರು. ಒಂದು ಮಧ್ಯಾಹ್ನ ಇಬ್ಬರೇ ಕೂತು ಸೊಪ್ಪು ಬಿಡಿಸುತ್ತಿದ್ದಾಗ, "ನಾನು ನೀರು ಜಾಸ್ತಿ ಹಾಕಿದ್ನಾ ಅಮ್ಮಾಯಿ? ನೀನು ನೋಡಿದ್ದಾ?" ಎಂದು ಕೇಳಿದರು. ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುತ್ತಿರಲಿಲ್ಲ. ನಾನು ಏನಂದೆ ಗೊತ್ತೆ? "ಬಿಡಿ ಅತ್ತೆ, ವಯಸ್ಸಾದ ಮೇಲೆ ಆಗುತ್ತೆ," ಅಂದೆ.

ಅವರು ತೀರಿಕೊಂಡು ಎರಡು ವರ್ಷವಾಯಿತು.

ನಮ್ಮ ಗ್ಯಾಸು ಕೆಟ್ಟದ್ದನ್ನು ನೋಡಿ ಪಕ್ಕದ ಮನೆಯಾಕೆ ಆಗಲೇ ತನ್ನ ಗುಂಡಿಯನ್ನು ಮುಚ್ಚಿಸಿ ತಿಪ್ಪೆ ಮಾಡಿಕೊಂಡಳು. ಇನ್ನೂ ಒಂದೆರಡು ಮನೆಯವರು ಆಸೆ ಬಿಟ್ಟರು. ಯಾರು ಶುರು ಮಾಡಿದರೋ, ನಮ್ಮೂರ ಬೋರಿನ ನೀರು ಗಡುಸು, ಅದಕ್ಕೇ ಗ್ಯಾಸು ಹಿಡಿಯುವುದಿಲ್ಲ ಎಂಬ ಮಾತು ಹುಟ್ಟಿತು. ಕೇಳಿದವರೆಲ್ಲ ನಂಬಿದರು. ನಾನು ಅದನ್ನೂ ಕೇಳಿಕೊಂಡು ಸುಮ್ಮನಿದ್ದೆ. ತಪ್ಪು ನೀರಿನ ಮೇಲೆ ಹೋದರೆ ಅತ್ತೆಯ ಮೇಲಿನ ಮಾತಾದರೂ ಹಗುರವಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹೋದ ತಿಂಗಳು ನಮ್ಮ ಸ್ತ್ರೀಶಕ್ತಿ ಸಂಘದ ಸಭೆಗೆ ಚಿಕ್ಕಬಳ್ಳಾಪುರದ ಕಚೇರಿಯಿಂದ ಒಬ್ಬರು ಮೇಡಂ ಬಂದಿದ್ದರು. ಗೋಬರ್ ಗ್ಯಾಸಿಗೆ ಈಗ ಸರ್ಕಾರದ ಸಹಾಯವಿದೆ, ಮನೆ ಮನೆಯಲ್ಲೂ ಹಸು ಇರುವ ಈ ಊರಿನಿಂದ ಒಂದು ಅರ್ಜಿಯೂ ಬಂದಿಲ್ಲವಲ್ಲ, ಯಾಕೆ ಎಂದು ಕೇಳಿದರು.

"ನಮ್ಮೂರ್ ನೀರಿಗೆ ಅದು ಆಗಿಬರಲ್ಲ ಮೇಡಂ," ಎಂದಳು ಪಕ್ಕದ ಮನೆಯಾಕೆ. "ಇವ್ರ ಮನೇಲಿ ಹಾಕಿ ಕೆಟ್ಟೋಯ್ತು. ಬೇಕಾದ್ರೆ ಕೇಳಿ." ಎಲ್ಲರೂ ಹೌದು ಹೌದು ಎಂದರು.

ಮೇಡಂ ಪೆನ್ನು ತೆಗೆದು ಅದನ್ನು ಬರೆದುಕೊಳ್ಳತೊಡಗಿದರು. ಆ ಪೆನ್ನು ಓಡುವುದನ್ನು ನೋಡಿ ನನಗೆ ಕೂತಿರಲಾಗಲಿಲ್ಲ. ಹೀಗೇ ಬರೆದುಕೊಂಡು ಹೋದರೆ ಇನ್ನು ಈ ಊರಿಗೆ ಯಾರೂ ಕೇಳಿಕೊಂಡು ಬರುವುದಿಲ್ಲ.

"ಬರೀಬೇಡಿ ಮೇಡಂ, ನೀರಿನ ತಪ್ಪಲ್ಲ. ನಾನು ಬ್ಲೀಚಿಂಗ್ ನೀರು ಬಿಟ್ಟಿದ್ದೆ," ಎಂದೆ. ಆಮೇಲೆ ಚಪ್ಪಡಿ ಕಲ್ಲು, ಚರಂಡಿ, ಮೇಸ್ತ್ರಿ ಕೇಳಿದ್ದು, ನಾನು ಸುಮ್ಮನಿದ್ದದ್ದು, ಎಲ್ಲವನ್ನೂ ಹೇಳಿದೆ.

ಮೇಡಂ ಒಳ್ಳೆಯವರು. "ಹುಳ ಸಾಕೋ ಊರುಗಳಲ್ಲಿ ಇದನ್ನ ಮೊದಲೇ ಹೇಳ್ಬೇಕು, ನಮಗೂ ತೋಚಿರ್ಲಿಲ್ಲ," ಎಂದು ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದುಕೊಂಡರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಮನೆಯಾಕೆ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಹಂಗಾದ್ರೆ ಇಷ್ಟು ವರ್ಷ ನಾನು ಒಲೆ ಊದಿದ್ದು ಸುಮ್ಸುಮ್ನೆ ಅನ್ನು," ಎಂದಳು. ಅವಳ ಮನೆಯಲ್ಲಿ ಸಿಲಿಂಡರ್ ಬರೀ ಕಾಫಿಗೆ, ನೆಂಟರಿಗೆ. ಮುದ್ದೆ, ಸಾರು, ಸ್ನಾನದ ನೀರು ಇವತ್ತಿಗೂ ಕಡ್ಡಿಯ ಒಲೆಯ ಮೇಲೇ. ಅವಳಿಗೂ ಈಗ ಮಾತಿನ ನಡುವೆ ಕೆಮ್ಮು ಬರುತ್ತದೆ.

"ತಪ್ಪಾಯ್ತು ಕಣೇ," ಎಂದೆ.

"ನನ್ ಮಾತು ಬಿಡಕ್ಕ, ನಂಗೆ ಬಾಯಿದೆ, ಬೈಕೊಳ್ತೀನಿ. ಪಾಪ ಆ ಅತ್ತೆಮ್ಮ? ನಿನ್ ಯಜಮಾನ್ರಿಗಾದ್ರೂ ಹೇಳಿದ್ಯಾ?"

ಹೇಳಿರಲಿಲ್ಲ.

ಆವತ್ತು ಸಂಜೆ ಯಜಮಾನರು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬಂದು ಕೈಕಾಲು ತೊಳೆದು ಜಗಲಿಯ ಮೇಲೆ ಕೂತರು. ಬೇರೆಯವರ ಬಾಯಿಂದ ಅವರಿಗೆ ತಿಳಿಯುವ ಮುಂಚೆ ನಾನೇ ಹೇಳಿಬಿಡಬೇಕಿತ್ತು. ನಿಂತುಕೊಂಡೇ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಹನ್ನೊಂದು ವರ್ಷ ನಾನು ಹೆದರಿದ್ದು ಆ ಒಂದು ಬೈಗುಳಕ್ಕೆ. ಅವರು ಬೈಯಲಿಲ್ಲ. ತಲೆ ಬಗ್ಗಿಸಿ ಟವೆಲಿನ ಅಂಚನ್ನು ಮಡಿಸತೊಡಗಿದರು.

"ಗುಂಡಿ ಮುಚ್ಚೋ ದಿನ ಅಮ್ಮ ಅಡ್ಡ ಬಂದಿದ್ಲು," ಎಂದರು. "ನೀನು ಹಾಲು ಹಾಕೋಕೆ ಡೈರಿಗೆ ಹೋಗಿದ್ದೆ. ಇನ್ನೊಂದು ಸಲ ನೋಡಣ ಕಣೋ, ಈ ಸಲ ಅಳತೆ ನೀನೇ ನಿಂತು ನೋಡು ಅಂದ್ಲು. ನಿನ್ ಕೈ ಬಿದ್ದಿದ್ದೆಲ್ಲ ಕೆಡುತ್ತೆ, ಹೋಗು ಅಂದುಬಿಟ್ಟೆ ನಾನು. ಜನದ ಮುಂದೆ ಅಂದೆ."

ನನಗೆ ಅದು ಗೊತ್ತಿರಲಿಲ್ಲ. ಅತ್ತೆ ಅದನ್ನು ಒಂದು ದಿನವೂ ನನ್ನ ಹತ್ತಿರ ಹೇಳಿರಲಿಲ್ಲ. ನಾನು ಒಳಗೆ ಹೋಗಿ ದೇವರ ದೀಪಕ್ಕೆ ಎಣ್ಣೆ ಹಾಕಿದೆ. ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಈ ಸಲ ಹರಕೆ ಮಾತ್ರ ಹೊರಲಿಲ್ಲ.

ಮೊನ್ನೆ ಪಕ್ಕದ ಮನೆಯಾಕೆಯ ಗಂಡ ತಿಪ್ಪೆ ತೆಗೆಸಿ ಮತ್ತೆ ಗುಂಡಿ ತೋಡಿಸುತ್ತಿದ್ದ. ಯಜಮಾನರು ಹೇಳದೆ ಕೇಳದೆ ಅಲ್ಲಿಗೆ ಹೋಗಿ ನಿಂತರು. ಅವರ ಕೊಟ್ಟಿಗೆಯ ಚರಂಡಿ ಎತ್ತ ಹರಿಯುತ್ತದೆ ಎಂದು ನೋಡಿದರು. ಹುಳದ ಮನೆಯ ನೀರಿಗೆ ಬೇರೆ ಕಾಲುವೆ ತೆಗೆಯಿರಿ ಎಂದರು.

"ಯಾಕೆ?" ಎಂದ ಅವನು. ಸಭೆಯ ಮಾತು ಅವನ ಕಿವಿಗೆ ಬಿದ್ದಿರಲಿಲ್ಲವೋ, ಬಿದ್ದೂ ಕೇಳಿದನೋ.

"ನಮ್ಮಮ್ಮ ಯಾವಾಗ್ಲೂ ಹಂಗೇ ಮಾಡಿಸ್ತಿದ್ಲು," ಎಂದರು ಯಜಮಾನರು. ಬೇಲಿಯ ಈಚೆ ನಿಂತಿದ್ದ ನನಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು.